ಪಟ್ಟಿ ಕೇಳದೆ ಸೇವೆ ಮಾಡುವುದು ಹೇಗೆ?

ಪ್ರಶ್ನೆ: ಬಾಗಲಕೋಟೆ ಜಿಲ್ಲೆಯ ತಾಲ್ಲೂಕು ಊರೊಂದರಲ್ಲಿ ಮಠದ ಆಶ್ರಯದಲ್ಲಿ ನಮ್ಮ ಭಜನಾ ಮಂಡಳಿ ನಡೆಯುತ್ತಿದೆ. ಇಪ್ಪತ್ತೆರಡು ಮಂದಿ ಇದ್ದೇವೆ. ಡಿಸೆಂಬರ್ 1ರ ವಿಶ್ವ ಏಡ್ಸ್ ದಿನದಂದು ತಾಲ್ಲೂಕಿನ ಎಚ್‌ಐವಿ ಸೋಂಕಿತರನ್ನು ಮಠಕ್ಕೆ ಕರೆದು, ಪೂಜ್ಯರ ಹಸ್ತದಿಂದ ದಿನಸಿ ಕಿಟ್ ಕೊಡಿಸಬೇಕೆಂದು ನಿಶ್ಚಯಿಸಿದ್ದೆವು. ಆಸ್ಪತ್ರೆಯ ಆಪ್ತಸಮಾಲೋಚಕಿ ಸೋಂಕಿತರ ಪಟ್ಟಿ ಕೊಡಲು ಒಪ್ಪಲಿಲ್ಲ. ಒಳ್ಳೆಯ ಕೆಲಸಕ್ಕೂ ಹೀಗೆ ಅಡ್ಡಿಯಾದರೆ ಹೇಗೆ?
— ಮಂಡಳಿಯ ಕಾರ್ಯದರ್ಶಿ

ಉತ್ತರ: ಆ ಆಪ್ತಸಮಾಲೋಚಕಿ ಮಾಡಿದ್ದು ಸರಿ. 2017ರ ಎಚ್‌ಐವಿ ಮತ್ತು ಏಡ್ಸ್ ತಡೆ ಹಾಗೂ ನಿಯಂತ್ರಣ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ನಂಬಿ ಹೇಳಿಕೊಂಡವರ ಸೋಂಕಿನ ವಿಷಯವನ್ನು ಅವರ ಲಿಖಿತ ಒಪ್ಪಿಗೆಯಿಲ್ಲದೆ ಮೂರನೆಯವರಿಗೆ ತಿಳಿಸುವಂತಿಲ್ಲ ಎಂದು ಅದು ಸ್ಪಷ್ಟವಾಗಿ ವಿಧಿಸುತ್ತದೆ. ಕೇಳುವವರು ಮಠದವರಾಗಲಿ, ದಾನಿಗಳಾಗಲಿ, ಈ ನಿಯಮ ಸಡಿಲವಾಗುವುದಿಲ್ಲ.

ಕಾನೂನನ್ನು ಒಂದು ಗಳಿಗೆ ಬದಿಗಿಟ್ಟು ನೀವು ಯೋಜಿಸಿದ ಕಾರ್ಯಕ್ರಮವನ್ನೇ ಕಣ್ಣಮುಂದೆ ತಂದುಕೊಳ್ಳಿ. ಮಠದ ಹೆಬ್ಬಾಗಿಲಿನಿಂದ ಒಂದೇ ಬಣ್ಣದ ಚೀಲ ಹಿಡಿದ ಮೂವತ್ತು ಜನ ಹೊರಬರುತ್ತಾರೆ. ಎದುರಿಗೆ ಬಸ್ ನಿಲ್ದಾಣ, ಚಹಾದ ಅಂಗಡಿ, ಪರಿಚಿತ ಮುಖಗಳು. ಸಂಜೆಯ ಹೊತ್ತಿಗೆ ಸುದ್ದಿ ಓಣಿಯನ್ನು ಮುಟ್ಟಿರುತ್ತದೆ. ಬಾಡಿಗೆ ಮನೆ ಬಿಡಬೇಕಾಗಿ ಬರುವವರು, ಮಗಳಿಗೆ ಕೂಡಿಬಂದ ಸಂಬಂಧ ತಪ್ಪಿಹೋಗುವವರು, ಅಡುಗೆ ಕೆಲಸ ಕಳೆದುಕೊಳ್ಳುವವರು ಆ ಮೂವತ್ತರಲ್ಲೇ ಇರುತ್ತಾರೆ. ಅದಕ್ಕೆ ಪ್ರತಿಯಾಗಿ ಅವರಿಗೆ ಸಿಕ್ಕಿದ್ದು ಹದಿನೈದು ದಿನದ ಅಕ್ಕಿ, ಬೇಳೆ. ನಿಮ್ಮ ಉದ್ದೇಶವನ್ನು ನಾನು ಸಂಶಯಿಸುತ್ತಿಲ್ಲ. ಆದರೆ ನಮ್ಮಲ್ಲಿ ಸೇವೆ ಎಂದರೆ ವೇದಿಕೆ, ಬ್ಯಾನರ್, ಫೋಟೊ ಎಂಬ ರೂಢಿ ಬೆಳೆದುಬಿಟ್ಟಿದೆ, ಈ ಕಾಯಿಲೆಯ ವಿಷಯದಲ್ಲಿ ಆ ರೂಢಿಯೇ ಅಪಾಯಕಾರಿ.

ಹಾಗಾದರೆ ಏನು ಮಾಡಬಹುದು? ಮೊದಲು, ಇಂದು ಈ ಕಾಯಿಲೆಯ ಸ್ವರೂಪ ಏನೆಂಬುದನ್ನು ಅರಿಯಬೇಕು. ಸರ್ಕಾರ 2004ರ ಏಪ್ರಿಲ್ 1ರಂದು ವೈರಸ್ಸನ್ನು ಅದುಮಿಡುವ ಮಾತ್ರೆಗಳ ಚಿಕಿತ್ಸೆಯಾದ ಎಆರ್‌ಟಿಯನ್ನು ಉಚಿತವಾಗಿ ಕೊಡಲು ಆರಂಭಿಸಿತು, ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. 2017ರಿಂದ, ಸೋಂಕು ಖಚಿತವಾದ ಎಲ್ಲರಿಗೂ, ರೋಗನಿರೋಧಕ ಶಕ್ತಿ ಕುಂದುವವರೆಗೆ ಕಾಯದೆ, ಚಿಕಿತ್ಸೆ ಕೊಡಲಾಗುತ್ತಿದೆ. ಹೆಚ್ಚಿನವರಿಗೆ ಈಗ ದಿನಕ್ಕೆ ಒಂದೇ ಮಾತ್ರೆ. ಅದನ್ನು ತಪ್ಪದೆ ನುಂಗುವವರು ದುಡಿಯುತ್ತಾರೆ, ಮಕ್ಕಳನ್ನು ಬೆಳೆಸುತ್ತಾರೆ, ಮುಪ್ಪನ್ನೂ ಕಾಣುತ್ತಾರೆ. ಮಾತ್ರೆ ಪುಕ್ಕಟೆಯಾಗಿದ್ದರೂ ಅದನ್ನು ತರುವ ದಾರಿ ಪುಕ್ಕಟೆಯಲ್ಲ. ಬಸ್ ಚಾರ್ಜು ಬೇಕು, ಒಂದು ದಿನದ ಕೂಲಿ ಹೋಗುತ್ತದೆ, ತೋಟದ ಮಾಲೀಕರಿಗೆ ಏನಾದರೊಂದು ನೆಪ ಹೇಳಬೇಕಾಗುತ್ತದೆ. ಗುರುತಿನವರ ಕಣ್ಣಿಗೆ ಬೀಳಬಾರದೆಂದು ಹತ್ತಿರದ ಕೇಂದ್ರ ಬಿಟ್ಟು ಪಕ್ಕದ ಜಿಲ್ಲೆಯ ಕೇಂದ್ರಕ್ಕೆ ಹೋಗುವವರೂ ಇದ್ದಾರೆ. ಮಾತ್ರೆ ತಪ್ಪುವುದು ಬಹುಮಟ್ಟಿಗೆ ಇಂಥ ಸಣ್ಣ ತೊಡಕುಗಳಿಂದ, ಮಂಡಳಿಯೊಂದು ಬಿಡಿಸಬಲ್ಲ ತೊಡಕುಗಳೂ ಇವೇ.

ಪ್ರಯಾಣಕ್ಕೆಂದು ಒಂದು ನಿಧಿ ಮಾಡಿ. ಆದರೆ ಅದನ್ನು ಎಚ್‌ಐವಿ ನಿಧಿ ಎಂದು ಕರೆಯಬೇಡಿ. ಕ್ಷಯ, ಡಯಾಲಿಸಿಸ್, ಕ್ಯಾನ್ಸರ್, ಸಕ್ಕರೆ ಕಾಯಿಲೆ ಹೀಗೆ ದೀರ್ಘಕಾಲ ಚಿಕಿತ್ಸೆ ಪಡೆಯುವ ಎಲ್ಲರಿಗೂ ಅದು ತೆರೆದಿರಲಿ. ಆಗ ನಿಧಿಯಿಂದ ಇನ್ನೂರು ರೂಪಾಯಿ ಪಡೆದವರು ಯಾವ ಕಾಯಿಲೆಯವರೆಂದು ಕೇಳುವ ಪ್ರಸಂಗವೇ ಬಾರದು. ಸೋಂಕಿತರೇ ಕಟ್ಟಿಕೊಂಡ ಸಂಘಗಳು ನಮ್ಮ ಹಲವು ಜಿಲ್ಲೆಗಳಲ್ಲಿವೆ. ಹಣ ಅವರ ಕೈಯಿಂದ ಹಂಚಿಕೆಯಾಗಲಿ, ನಿಮ್ಮ ಲೆಕ್ಕದ ಪುಸ್ತಕದಲ್ಲಿ ಹೆಸರಿರುವ ಜಾಗದಲ್ಲಿ ಸಂಖ್ಯೆ ಇರಲಿ. ಆಸ್ಪತ್ರೆಯ ಸಿಬ್ಬಂದಿಯ ಕೈಗೆ ನಗದು ಕೊಡುವುದು ಮಾತ್ರ ಬೇಡ. ಅದು ಅವರಿಗೂ ಮುಜುಗರ, ನಿಮಗೂ ತಕರಾರು. ದಿನಸಿಯನ್ನೇ ಕೊಡಬೇಕೆಂಬ ಮನಸ್ಸಿದ್ದರೆ 2022ರಲ್ಲಿ ಆರಂಭವಾದ ನಿಕ್ಷಯ್ ಮಿತ್ರ ವ್ಯವಸ್ಥೆಯ ಮೂಲಕ, ಒಪ್ಪಿಗೆ ನೀಡಿದ ಕ್ಷಯ ರೋಗಿಗಳಿಗೆ ಪೌಷ್ಟಿಕ ಆಹಾರ ಒದಗಿಸಬಹುದು. ಸೋಂಕಿತರ ಪ್ರಾಣಕ್ಕೆ ಹೆಚ್ಚು ಎರವಾಗುವ ಕಾಯಿಲೆ ಕ್ಷಯವೇ ಆಗಿರುವುದರಿಂದ ನಿಮ್ಮ ಅಕ್ಕಿ ಕೆಲವರಿಗಾದರೂ ಗುಟ್ಟಾಗಿಯೇ ತಲುಪುತ್ತದೆ.

ಇಪ್ಪತ್ತೆರಡು ಮಂದಿಯೂ ಈ ಕೆಲಸಕ್ಕೆ ಇಳಿಯಬೇಕಿಲ್ಲ. ಬಾಯಿ ಬಿಗಿಯಿರುವ ನಾಲ್ವರನ್ನು ಆರಿಸಿ, ಅದೇ ಆಪ್ತಸಮಾಲೋಚಕಿಯಿಂದ ಅವರಿಗೆ ಒಂದು ದಿನದ ತರಬೇತಿ ಕೊಡಿಸಿ. ಕಂಡದ್ದನ್ನು ಮನೆಯವರ ಮುಂದಾಗಲಿ, ಪೂಜ್ಯರ ಮುಂದಾಗಲಿ ಹೇಳುವುದಿಲ್ಲವೆಂದು ಬರೆದುಕೊಡಲಿ. ಮಂಗಳಾರತಿ ಮುಗಿದ ಮೇಲೆ ಕಟ್ಟೆಯ ಮೇಲೆ ಕೂತು ಆಡುವ ಮಾತು ಎಷ್ಟು ದೂರ ಹೋಗುತ್ತದೆಂಬುದು ಭಜನಾ ಮಂಡಳಿಯವರಿಗೆ ನಾನು ಹೇಳಬೇಕಾದ ವಿಷಯವಲ್ಲ.

ಡಿಸೆಂಬರ್ 1ರ ಕಾರ್ಯಕ್ರಮವನ್ನು ಕೈಬಿಡಬೇಕೆಂದೂ ಇಲ್ಲ, ಸೋಂಕಿತರನ್ನು ವೇದಿಕೆಗೆ ಕರೆಯುವುದನ್ನು ಮಾತ್ರ ಬಿಡಿ. ಪೂಜ್ಯರು ಅಂದಿನ ಪ್ರವಚನದಲ್ಲಿ, ಈ ಸೋಂಕು ಯಾರ ಕರ್ಮಫಲವೂ ಅಲ್ಲ, ದಾಸೋಹದ ಪಂಕ್ತಿಯಲ್ಲಿ ಎಲ್ಲರಿಗೂ ಜಾಗವಿದೆ ಎಂದು ಹೇಳಿದರೆ, ಗುಂಪಿನಲ್ಲಿ ಯಾರಿಗೂ ಗುರುತಾಗದೆ ಕುಳಿತ ಒಬ್ಬಿಬ್ಬರಿಗೆ ಅದು ಕಿಟ್‌ಗಿಂತ ದೊಡ್ಡದು. ಥಾಯ್ಲೆಂಡಿನ ಉತ್ತರ ಭಾಗದಲ್ಲಿ 1990ರ ದಶಕದ ಕೊನೆಯಲ್ಲಿ ಆರಂಭವಾದ ಸಂಘ ಮೆತ್ತಾ ಎಂಬ ಯೋಜನೆಯಲ್ಲಿ ತರಬೇತಿ ಪಡೆದ ಬೌದ್ಧ ಭಿಕ್ಷುಗಳು ಸೋಂಕಿತರು ಬೇಯಿಸಿದ ಅನ್ನವನ್ನು ಭಿಕ್ಷೆಯಾಗಿ ಸ್ವೀಕರಿಸಿ, ಊರವರು ನೋಡುತ್ತಿರುವಂತೆ ಉಂಡರು. ಊಟದ ಮೂಲಕ ಸೋಂಕು ಹರಡುವುದಿಲ್ಲವೆಂಬ ಭಿತ್ತಿಪತ್ರಗಳಿಗಿಂತ ಆ ತುತ್ತು ಹೆಚ್ಚು ಮನವರಿಕೆ ಮಾಡಿತು. ಪಂಕ್ತಿಯ ಬೆಲೆ ಬಲ್ಲ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪ್ರಶ್ನೆ: ನಾವು ಚರ್ಚ್‌ನ ವತಿಯಿಂದ ರೋಗಿಗಳ ಮನೆಗೆ ಭೇಟಿ ಕೊಡುವ ಗುಂಪಿನವರು. ನಾವು ಆರು ವರ್ಷಗಳಿಂದ ಬಲ್ಲ ಮಹಿಳೆಯೊಬ್ಬರು, ಪ್ರಾರ್ಥನಾ ಕೂಟವೊಂದರಲ್ಲಿ ತಮಗೆ ಪೂರ್ತಿ ಗುಣವಾಯಿತೆಂದು ಮಾತ್ರೆ ನಿಲ್ಲಿಸಿದ್ದಾರೆ. ರಕ್ತಪರೀಕ್ಷೆಯಲ್ಲೂ ವೈರಸ್ ಪತ್ತೆಯಾಗಿಲ್ಲವೆಂದು ವರದಿ ತೋರಿಸುತ್ತಾರೆ. ಅವರ ವಿಶ್ವಾಸಕ್ಕೆ ಧಕ್ಕೆ ತಾರದೆ ಹೇಗೆ ಮಾತನಾಡಲಿ?
— ಸ್ವಯಂಸೇವಕಿ, ದಕ್ಷಿಣ ಕನ್ನಡ

ಉತ್ತರ: ಆ ವರದಿ ಸುಳ್ಳಲ್ಲ, ಅದನ್ನು ಓದಿದ ರೀತಿ ತಪ್ಪು. ರಕ್ತದಲ್ಲಿ ವೈರಸ್ ಎಷ್ಟಿದೆಯೆಂದು ಅಳೆಯುವ ವೈರಲ್ ಲೋಡ್ ಪರೀಕ್ಷೆಯಲ್ಲಿ ‘ಪತ್ತೆಯಾಗಿಲ್ಲ’ ಎಂದು ಬಂದರೆ, ಮಾತ್ರೆಯು ವೈರಸ್ಸನ್ನು ಯಂತ್ರದ ಅಳತೆಗೂ ಸಿಗದಷ್ಟು ಅದುಮಿಟ್ಟಿದೆ ಎಂದರ್ಥ. ರಕ್ತದಿಂದ ಮರೆಯಾದ ವೈರಸ್ ಕೆಲವು ಜೀವಕೋಶಗಳೊಳಗೆ ಸುಮ್ಮನೆ ಅಡಗಿರುತ್ತದೆ. ಮಾತ್ರೆ ನಿಂತ ಕೆಲವೇ ವಾರಗಳಲ್ಲಿ ಸಾಮಾನ್ಯವಾಗಿ ಮತ್ತೆ ಏಳುತ್ತದೆ. ಬಿಟ್ಟು ಬಿಟ್ಟು ನುಂಗಿದರೆ ಅದೇ ಮಾತ್ರೆಗೆ ಬಗ್ಗದಂತೆ ಮಾರ್ಪಡುವ ಅಪಾಯವೂ ಇದೆ. ವೈರಸ್ ಪತ್ತೆಯಾಗದ ಸ್ಥಿತಿಯಲ್ಲಿ ಮುಂದುವರಿಯುವವರಿಂದ ಲೈಂಗಿಕ ಸಂಪರ್ಕದಲ್ಲಿಯೂ ಸೋಂಕು ಹರಡುವುದಿಲ್ಲ ಎಂಬುದು ಇಂದು ದೃಢಪಟ್ಟಿರುವ ಸಂಗತಿ, ಆದರೆ ಆ ರಕ್ಷಣೆ ನಿಂತಿರುವುದೂ ಮಾತ್ರೆಯ ಮೇಲೆಯೇ.

ಅವರೊಡನೆ ಮಾತನಾಡುವಾಗ ಪ್ರಾರ್ಥನೆಯನ್ನೂ ಮಾತ್ರೆಯನ್ನೂ ಎದುರುಬದುರು ನಿಲ್ಲಿಸಬೇಡಿ. ವಾದದಲ್ಲಿ ನೀವು ಗೆದ್ದರೆ ಅವರು ನಿಮಗೆ ಬಾಗಿಲು ತೆರೆಯುವುದನ್ನೇ ನಿಲ್ಲಿಸಬಹುದು. ದೇವರು ಕೈಬಿಡಲಿಲ್ಲವೆಂಬ ಅವರ ಕೃತಜ್ಞತೆಯನ್ನು ಒಪ್ಪಿಕೊಳ್ಳಿ. ಆ ವರದಿ ಬಂದದ್ದು ಮಾತ್ರೆ ನುಂಗುತ್ತಿದ್ದ ಕಾಲದಲ್ಲೇ ಎಂಬುದನ್ನು ದಿನಾಂಕ ತೋರಿಸಿ ನೆನಪಿಸಿ. ಅವರ ನಂಬಿಕೆಗೆ ಪಾತ್ರರಾದ ಧರ್ಮಗುರುವೊಬ್ಬರಿದ್ದು, ಅವರಿಗೆ ತಿಳಿಸಲು ಮಹಿಳೆಯೇ ಒಪ್ಪಿದರೆ, ಗುರುಗಳ ಬಾಯಿಂದಲೇ ಈ ಮಾತು ಬರಲಿ. ಕೆಥೋಲಿಕ್ ಪರಂಪರೆಯಲ್ಲಿಯೇ ಇದಕ್ಕೆ ಬಲವಾದ ಆಧಾರವಿದೆ. 1550ರಲ್ಲಿ ಜನಿಸಿದ ಸಂತ ಕಮಿಲ್ಲಸ್ ಸ್ಥಾಪಿಸಿದ ಸನ್ಯಾಸಿಗಳ ಸಭೆಯ ಧರ್ಮಗುರುಗಳು, ತಮ್ಮ ಜೀವಕ್ಕೆ ಅಪಾಯವಿದ್ದರೂ ರೋಗಿಗಳ ಸೇವೆ ಮಾಡುವೆವೆಂದು ನಾಲ್ಕನೆಯ ವ್ರತವೊಂದನ್ನು ತೊಡುತ್ತಾರೆ. ಅದೇ ಸಭೆಯವರು 1997ರಲ್ಲಿ ಬೆಂಗಳೂರಿನಲ್ಲಿ ಸೋಂಕಿತರಿಗಾಗಿ ಸ್ನೇಹದಾನ್ ಕೇಂದ್ರವನ್ನು ತೆರೆದರು. ಪ್ರಾರ್ಥಿಸುವವರೇ ಅಲ್ಲಿ ಔಷಧಿಯನ್ನೂ ಕೊಡುತ್ತ ಬಂದಿದ್ದಾರೆ.

ಇನ್ನೊಂದು ಮಾತು. ಮಾತ್ರೆ ಬಿಟ್ಟವರು ಮರಳಿ ಎಆರ್‌ಟಿ ಕೇಂದ್ರಕ್ಕೆ ಹೋಗದಿರಲು ಹಲವು ಸಲ ವಿಶ್ವಾಸಕ್ಕಿಂತ ನಾಚಿಕೆಯೇ ಕಾರಣ: ‘ಇಷ್ಟು ದಿನ ಎಲ್ಲಿದ್ದಿರಿ’ ಎಂದು ಬೈಯುತ್ತಾರೆಂಬ ಅಳುಕು. ಜೊತೆಗೆ ನೀವು ಹೋಗಿ. ಈ ವಾರವೇ ಹೋಗಿ.

ಪ್ರಶ್ನೆ: ನಮ್ಮ ಮೊಹಲ್ಲಾದಲ್ಲಿ ಹೆಣ್ಣುಮಕ್ಕಳು ತೀರಿಹೋದಾಗ ನಾವು ಕೆಲವು ಮಹಿಳೆಯರು ಮಯ್ಯತ್‌ಗೆ (ಮೃತದೇಹಕ್ಕೆ) ಗುಸ್ಲ್, ಅಂದರೆ ಸ್ನಾನ, ಮಾಡಿಸುವ ಸೇವೆಗೆ ಹೋಗುತ್ತೇವೆ. ಎಚ್‌ಐವಿ ಇದ್ದವರೆಂದು ಗುಮಾನಿ ಬಂದರೆ ಕೆಲವರು ಹಿಂದೆ ಸರಿಯುತ್ತಾರೆ. ನಮಗೆ ಅಪಾಯವಿದೆಯೇ?
— ಓದುಗರು, ಕಲಬುರಗಿ

ಉತ್ತರ: ಕೈಗವಸು ತೊಟ್ಟು, ನಿಮ್ಮ ಕೈಯಲ್ಲಿ ಗಾಯವಿದ್ದರೆ ಅದನ್ನು ಮುಚ್ಚಿಕೊಂಡು, ಕೊನೆಗೆ ಸೋಪಿನಿಂದ ಕೈ ತೊಳೆದರೆ ಹೆದರಬೇಕಾದ್ದಿಲ್ಲ. ಈ ಎಚ್ಚರಿಕೆ ಪ್ರತಿಯೊಂದು ಮಯ್ಯತ್‌ಗೂ ಒಂದೇ ಆಗಿರಲಿ. ಗುಮಾನಿ ಇದ್ದವರಿಗೆ ಮಾತ್ರ ಕೈಗವಸು ತೊಟ್ಟರೆ, ನೀವು ಬಾಯಿ ಬಿಡದಿದ್ದರೂ ಕೈಗವಸೇ ಸುದ್ದಿ ಹೇಳಿಬಿಡುತ್ತದೆ, ತೀರಿಹೋದವರ ಮಕ್ಕಳು ಅದೇ ಓಣಿಯಲ್ಲಿ ಬದುಕಬೇಕಾಗಿರುತ್ತದೆ. ಉಗಾಂಡಾದ ಇಸ್ಲಾಮಿಕ್ ವೈದ್ಯಕೀಯ ಸಂಘ 1992ರಿಂದ ಇಮಾಮರಿಗೂ ಅವರ ಸಹಾಯಕರಿಗೂ ತರಬೇತಿ ನೀಡಿ ಮನೆಮನೆಗೆ ಕಳಿಸಿದಾಗ, ಶವಸ್ನಾನದ ವೇಳೆ ವಹಿಸಬೇಕಾದ ಎಚ್ಚರಿಕೆಯನ್ನೂ ಪಾಠದಲ್ಲಿ ಸೇರಿಸಿತ್ತು. ನಿಮ್ಮ ಮಸೀದಿಯ ಕಮಿಟಿ ಒಂದು ಡಬ್ಬ ಕೈಗವಸನ್ನು ಸದಾ ತರಿಸಿಟ್ಟರೆ ಅರ್ಧ ಕೆಲಸ ಮುಗಿಯಿತು.

ಪ್ರಶ್ನೆ: ಏಡ್ಸ್ ಪಾಪದ ಫಲವೆಂದು ಸಾರಿದ್ದೇ ಧರ್ಮಗಳು. ಈಗ ಅವರ ಸೇವೆಯನ್ನು ಏಕೆ ನಂಬಬೇಕು?
— ವಿದ್ಯಾರ್ಥಿ, ಮೈಸೂರು

ಉತ್ತರ: ನಿಮ್ಮ ಆಕ್ಷೇಪಣೆಯಲ್ಲಿ ಹುರುಳಿದೆ. ಎಲ್ಲ ಧರ್ಮಗಳ ವೇದಿಕೆಗಳಿಂದಲೂ ಕ್ರೂರವಾದ ಮಾತುಗಳು ಬಂದಿವೆ, ಅವನ್ನು ಕೇಳಿಯೇ ಪರೀಕ್ಷೆಗೆ ಹೆದರಿ ಸತ್ತವರಿದ್ದಾರೆ. ಇದರ ಜೊತೆಗೇ, ಆಸ್ಪತ್ರೆಗಳಲ್ಲಿ ಕೂಡ ರೋಗಿಗಳನ್ನು ಮುಟ್ಟಲು ಅಂಜುತ್ತಿದ್ದ 1985ರಲ್ಲಿ ಮದರ್ ತೆರೇಸಾ ಕ್ರಿಸ್‌ಮಸ್‌ನ ಹಿಂದಿನ ದಿನ ನ್ಯೂಯಾರ್ಕ್‌ನಲ್ಲಿ ಏಡ್ಸ್ ರೋಗಿಗಳಿಗೆ ಆಶ್ರಯಧಾಮ ತೆರೆದರು. 1987ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಝೆನ್ ಬೌದ್ಧ ಗುರು ಇಸಾನ್ ಡಾರ್ಸಿ ‘ಮೈತ್ರಿ’ ಎಂಬ ಶುಶ್ರೂಷಾಲಯವನ್ನು ಆರಂಭಿಸಿದರು. ಉಗಾಂಡಾದ ಆಂಗ್ಲಿಕನ್ ಪಾದ್ರಿ ಗಿಡಿಯನ್ ಬ್ಯಾಮುಗಿಶ 1992ರಲ್ಲಿ ತಮಗೇ ಸೋಂಕಿದೆಯೆಂದು ಬಹಿರಂಗವಾಗಿ ಹೇಳಿಕೊಂಡರು. ಆದ್ದರಿಂದ ಧರ್ಮದ ಹೆಸರು ನೋಡಿ ನಂಬುವುದೂ ಬೇಡ, ತಳ್ಳುವುದೂ ಬೇಡ. ಸೇವೆಗೆ ಬಂದವರು ‘ಸೋಂಕು ಹೇಗೆ ಬಂತು’ ಎಂದು ಕೇಳುತ್ತಾರೆಯೇ ಎಂಬುದನ್ನು ಗಮನಿಸಿ. ಕೇಳುವವರಿಂದ ದೂರವಿರಿ.

ಪ್ರಶ್ನೆ: ನನಗೆ ಹನ್ನೊಂದು ವರ್ಷಗಳಿಂದ ಸೋಂಕಿದೆ. ಮಾತ್ರೆ ತಪ್ಪಿಸಿಲ್ಲ, ಆರೋಗ್ಯವಾಗಿದ್ದೇನೆ. ನಮ್ಮ ಸತ್ಸಂಗದವರು ಎಆರ್‌ಟಿ ಕೇಂದ್ರಕ್ಕೆ ಬರುವವರಿಗೆ ಮಧ್ಯಾಹ್ನದ ಊಟ ಒದಗಿಸುವ ಸೇವೆ ಆರಂಭಿಸಿದ್ದಾರೆ. ಬಡಿಸಲು ನನ್ನನ್ನೂ ಕರೆದಿದ್ದಾರೆ. ನನ್ನ ವಿಷಯ ಅವರಿಗೆ ತಿಳಿಯದು. ಹೇಳದೆ ಸೇರಿದರೆ ಮೋಸವಾಗುತ್ತದೆಯೇ?
— ಹೆಸರು, ಊರು ಬೇಡ

ಉತ್ತರ: ಅಮ್ಮಾ, ಇದು ಮೋಸವಲ್ಲ. ಬಡಿಸುವುದರಿಂದ ಯಾರಿಗೂ ಅಪಾಯವಿಲ್ಲ, ನಿಮ್ಮ ಸ್ಥಿತಿಯನ್ನು ಹೇಳಿಕೊಳ್ಳಬೇಕೆಂದು ಒತ್ತಾಯಿಸುವ ಹಕ್ಕು ಯಾರಿಗೂ ಇಲ್ಲ. ಮೇಲೆ ಹೇಳಿದ ಕಾಯ್ದೆಯೂ ಹಾಗೆಯೇ ಹೇಳುತ್ತದೆ. ಮುಂದೊಂದು ದಿನ ಹೇಳಿಕೊಳ್ಳಬೇಕೆನಿಸಿದರೆ ಮೊದಲು ಒಬ್ಬರಿಗೆ ಮಾತ್ರ ಹೇಳಿ, ಅದೂ ಕೆಲವು ತಿಂಗಳು ಅವರು ಸೋಂಕಿತರ ಬಗ್ಗೆ ಹಿಂದಿನಿಂದ ಏನು ಮಾತಾಡುತ್ತಾರೆಂದು ಕೇಳಿಸಿಕೊಂಡ ಮೇಲೆ. ಒಮ್ಮೆ ಹೇಳಿದ್ದನ್ನು ಹಿಂದಕ್ಕೆ ಪಡೆಯಲಾಗದು.

ನೀವು ಅಲ್ಲಿದ್ದರೆ ಆ ಸೇವೆಯೇ ಸುಧಾರಿಸೀತೆಂದು ನನಗೆ ಅನ್ನಿಸುತ್ತದೆ. ಕೇಂದ್ರದ ಬಾಗಿಲಲ್ಲೇ ಊಟದ ಮೇಜು ಹಾಕಿದರೆ ಯಾರಿಗೆ ಕಷ್ಟ, ಹೊರರೋಗಿಗಳೆಲ್ಲ ಕೂರುವ ಪಡಸಾಲೆಗೆ ಅದನ್ನು ಸರಿಸಿದರೆ ಯಾರಿಗೆ ನೆಮ್ಮದಿ ಎಂಬುದು ಉಳಿದ ಸ್ವಯಂಸೇವಕರಿಗೆ ಹೊಳೆಯದೆ ಇರಬಹುದು, ನಿಮಗೆ ಹೊಳೆಯುತ್ತದೆ. ಕಾರಣ ಹೇಳದೆಯೇ ಆ ಸಲಹೆ ಕೊಡಬಹುದು. ಆದರೆ ನೀವು ಮಾತ್ರೆ ತರುವುದೂ ಅದೇ ಕೇಂದ್ರದಿಂದಾದರೆ, ಸೇವೆಗೆ ಇಳಿಯುವ ಮೊದಲೇ ನಿಮ್ಮ ಆಪ್ತಸಮಾಲೋಚಕರನ್ನು ಕಂಡು ವಿಷಯ ತಿಳಿಸಿ. ಬಡಿಸುತ್ತಿರುವಾಗ ಸಿಬ್ಬಂದಿಯ ಯಾರಾದರೂ ‘ಈ ತಿಂಗಳ ಮಾತ್ರೆ ಒಯ್ದಿರಾ’ ಎಂದು ಅಭ್ಯಾಸಬಲದಿಂದ ಕೇಳಿಬಿಡದಂತೆ ಅವರು ನೋಡಿಕೊಳ್ಳುತ್ತಾರೆ. ನಿಮ್ಮ ಮಾತ್ರೆಯ ದಿನವನ್ನು ಸೇವೆಯಿಲ್ಲದ ವಾರಕ್ಕೆ ಬದಲಿಸಿಕೊಡುವಂತೆಯೂ ಕೇಳಿ. ಇನ್ನೇನಾದರೂ ಕೇಳುವುದಿದ್ದರೆ ರಾಷ್ಟ್ರೀಯ ಉಚಿತ ಸಹಾಯವಾಣಿ 1097ಕ್ಕೆ ಕರೆ ಮಾಡಬಹುದು. ಅಲ್ಲಿ ಹೆಸರು ಹೇಳಬೇಕಾಗಿಲ್ಲ.