ಅತ್ತೆಯ ಶಿಶುವಿಹಾರ ಸೊಸೆಯ ಕೈಗೆ ಬರುವಾಗ

ಪ್ರಶ್ನೆ: ಮೈಸೂರಿನಲ್ಲಿ ನಮ್ಮ ಅತ್ತೆಯವರು ತಾವೇ ದುಡಿದು ಕಟ್ಟಿಸಿದ ಮನೆಯ ಕೆಳಗಿನ ಅಂತಸ್ತಿನಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಪ್ಲೇಹೋಮ್ ಮತ್ತು ಡೇ ಕೇರ್ ನಡೆಸುತ್ತಿದ್ದಾರೆ. ಈಗ 38 ಮಕ್ಕಳಿದ್ದಾರೆ. ತಿಂಗಳ ಶುಲ್ಕ ಸರಾಸರಿ 4,000 ರೂಪಾಯಿ. ಸಿಬ್ಬಂದಿ ಆರು ಮಂದಿ. ಅತ್ತೆಯವರಿಗೆ ಮಂಡಿನೋವು ಹೆಚ್ಚಾಗಿದ್ದು, ಇನ್ನು ನೀನೇ ನೋಡಿಕೊ ಎನ್ನುತ್ತಿದ್ದಾರೆ. ಮುದ್ರಾ ಸಾಲ ಪಡೆದು ಹೆಬ್ಬಾಳ ಕೈಗಾರಿಕಾ ಪ್ರದೇಶದ ಬಳಿ ಎರಡನೆಯ ಶಾಖೆ ತೆರೆಯುವ ಆಸೆ ನನ್ನದು. ಬೇರೆ ಊರಿನಲ್ಲಿರುವ ಮೈದುನ ಮತ್ತು ನಾದಿನಿಯ ಆಕ್ಷೇಪವಿಲ್ಲ. ಎಲ್ಲಿಂದ ಆರಂಭಿಸಲಿ?
– ಓದುಗರು, ಮೈಸೂರು

ಉತ್ತರ: ಎರಡನೆಯ ಶಾಖೆಯ ಮಾತನ್ನು ಒಂದು ವರ್ಷ ಬದಿಗಿಡಿ. ನಿಮ್ಮ ಕೈಗೆ ಬರುತ್ತಿರುವುದು ನಿಜವಾಗಿ ಏನು ಎಂಬುದು ಮೊದಲು ತೀರ್ಮಾನವಾಗಲಿ. ಒಬ್ಬರ ಹೆಸರಿನಲ್ಲಿ ನಡೆಯುವ ವ್ಯವಹಾರಕ್ಕೆ ಅವರಿಂದ ಬೇರೆಯಾದ ಅಸ್ತಿತ್ವವಿಲ್ಲ. ಪ್ಯಾನ್, ಬ್ಯಾಂಕ್ ಖಾತೆ, ಆದಾಯ ತೆರಿಗೆಯ ವಿವರ ಎಲ್ಲವೂ ಅತ್ತೆಯವರವು. ಕಟ್ಟಡವೂ ಅವರದೇ. ಹಿಂದೂ ಉತ್ತರಾಧಿಕಾರ ಕಾನೂನಿನ ಪ್ರಕಾರ ಮಹಿಳೆಯೊಬ್ಬರು ವಿಲ್ ಬರೆಯದೆ ತೀರಿಕೊಂಡರೆ ಆಸ್ತಿ ಅವರ ಪತಿಗೂ ಎಲ್ಲ ಮಕ್ಕಳಿಗೂ ಸಮನಾಗಿ ಸೇರುತ್ತದೆ. ಸೊಸೆ ಎಷ್ಟೇ ದುಡಿದಿದ್ದರೂ ಆಕೆಗೆ ನೇರವಾದ ಪಾಲಿಲ್ಲ. ನಿಮ್ಮ ಮೈದುನ ಮತ್ತು ನಾದಿನಿ ಒಳ್ಳೆಯವರೇ ಇರಬಹುದು, ಆದರೆ ಇಂದಿನ ಒಪ್ಪಿಗೆ ಬಾಯಿಮಾತಿನದು. ಆದ್ದರಿಂದ ಅತ್ತೆಯವರು ಆರೋಗ್ಯದಿಂದಿರುವಾಗಲೇ, ಎಲ್ಲರೂ ಕೂತು ಮಾತನಾಡಿದ ಮೇಲೆ, ಮನೆಯ ಬಗ್ಗೆ ವಿಲ್ ಮತ್ತು ವ್ಯವಹಾರದ ಬಗ್ಗೆ ಪ್ರತ್ಯೇಕ ಪತ್ರ ಎರಡೂ ಆಗಬೇಕು. ಈ ಮಾತನ್ನು ನೀವು ಎತ್ತುವುದಕ್ಕಿಂತ ನಿಮ್ಮ ಪತಿ ಎತ್ತುವುದು ಲೇಸು.

ವ್ಯವಹಾರಕ್ಕೆ ಪಾಲುದಾರಿಕೆ ಸಂಸ್ಥೆ ಸಾಕು. ಆದರೆ ಅತ್ತೆ ಮತ್ತು ನೀವು ಇಬ್ಬರೇ ಪಾಲುದಾರರಾದರೆ, ಒಬ್ಬರು ಇಲ್ಲವಾದ ದಿನವೇ ಸಂಸ್ಥೆಯೂ ಮುಗಿಯುತ್ತದೆ. ನಿಮ್ಮ ಪತಿಯನ್ನೂ ಸೇರಿಸಿಕೊಂಡು, ಒಬ್ಬರು ತೀರಿಕೊಂಡರೂ ಉಳಿದವರು ಮುಂದುವರಿಸಬಹುದೆಂಬ ಷರತ್ತನ್ನು ಪತ್ರದಲ್ಲಿ ಬರೆಸಿ. ಕೆಳಗಿನ ಅಂತಸ್ತನ್ನು ಸಂಸ್ಥೆಗೆ ಬಾಡಿಗೆಗೆ ಕೊಡುವ ಕರಾರು ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯದಾದರೆ ಅದನ್ನು ನೋಂದಾಯಿಸಲೇಬೇಕು. ತಿಂಗಳ ಬಾಡಿಗೆ ಅತ್ತೆಯವರ ಖಾತೆಗೆ ತಪ್ಪದೆ ಹೋಗಲಿ. ಇಷ್ಟು ವರ್ಷ ಸ್ವಂತ ಆದಾಯವಿದ್ದವರು ಔಷಧಿಗೆ ಮಗನ ಬಳಿ ಕೈಚಾಚುವಂತಾಗಬಾರದು.

ಇನ್ನು ಲೆಕ್ಕದ ವಿಷಯ. ನಿಮ್ಮ ಅಂಕಿಗಳ ಪ್ರಕಾರ ವರ್ಷದ ಆದಾಯ 18.24 ಲಕ್ಷ ರೂಪಾಯಿ. ಪ್ರತಿ ಮಗುವಿಗೆ 500 ರೂಪಾಯಿ ಏರಿಸಿದರೆ ಅದು 20.52 ಲಕ್ಷವಾಗಿ, ಸೇವೆಗಳಿಗಿರುವ 20 ಲಕ್ಷದ ಜಿಎಸ್‌ಟಿ ನೋಂದಣಿ ಮಿತಿಯನ್ನು ದಾಟುತ್ತದೆ. ಶಾಲಾಪೂರ್ವ ಶಿಕ್ಷಣಕ್ಕೆ ಜಿಎಸ್‌ಟಿ ವಿನಾಯಿತಿ ಇದೆ; ಕೂಸುಗಳನ್ನು ನೋಡಿಕೊಳ್ಳುವ ಡೇ ಕೇರ್ ಮಾತ್ರವೇ ಆದರೆ ಅದು ಶಿಕ್ಷಣವೆನಿಸುವುದು ಕಷ್ಟ. ಮಿತಿಯನ್ನು ಲೆಕ್ಕಹಾಕುವಾಗ ವಿನಾಯಿತಿ ಇರುವ ಆದಾಯವನ್ನೂ ಕೂಡಿಸಲಾಗುತ್ತದೆ ಎಂಬುದು ಅನೇಕರಿಗೆ ತಿಳಿದಿಲ್ಲ. ಆದ್ದರಿಂದ ಪ್ಲೇಹೋಮ್ ಮತ್ತು ಡೇ ಕೇರ್‌ಗೆ ಈಗಿನಿಂದಲೇ ಬೇರೆ ಬೇರೆ ರಸೀದಿ ಕೊಡಿ, ಶುಲ್ಕ ಏರಿಸುವ ಮೊದಲು ಲೆಕ್ಕಪರಿಶೋಧಕರನ್ನು ಕಾಣಿ.

ಕಾಗದಪತ್ರಗಳಿಗಿಂತ ಕಷ್ಟದ್ದು, ಅತ್ತೆಯವರ ತಲೆಯಲ್ಲಿರುವುದನ್ನು ಪುಸ್ತಕಕ್ಕೆ ಇಳಿಸುವ ಕೆಲಸ. ಯಾವ ಮಗುವಿಗೆ ಕಡಲೆಕಾಯಿ ಆಗದು, ಯಾರ ಮನೆಯಲ್ಲಿ ತಂದೆ ತಾಯಿ ಬೇರೆಯಾಗಿದ್ದಾರೆ, ಸಂಜೆ ಕರೆದೊಯ್ಯಲು ತಾತ ಬಂದರೆ ಕಳುಹಿಸಬಹುದೇ ಎಂಬುದೆಲ್ಲ ಅವರಿಗೆ ಬಾಯಿಪಾಠ, ನಿಮಗಲ್ಲ. ಪ್ರತಿ ಮಗುವಿಗೂ ಕರೆದೊಯ್ಯುವವರ ಹೆಸರು ಮತ್ತು ಭಾವಚಿತ್ರ, ವೈದ್ಯರ ದೂರವಾಣಿ, ಲಸಿಕೆಯ ವಿವರ ಇರುವ ಹಾಳೆಯೊಂದನ್ನು ಪೋಷಕರ ಸಹಿಯೊಂದಿಗೆ ಸಿದ್ಧಪಡಿಸಿ. ಸಿಬ್ಬಂದಿಯ ಪೊಲೀಸ್ ಪರಿಶೀಲನೆಯನ್ನು ಹಳಬರೆಂದು ಬಿಡಬೇಡಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ತಿಳಿದೂ ದೂರು ಕೊಡದಿರುವುದು 2012ರ ಪೋಕ್ಸೊ ಕಾನೂನಿನಡಿ ಶಿಕ್ಷಾರ್ಹ ಎಂಬುದನ್ನು ಆಯಾಗಳಿಗೂ ತಿಳಿಸಿ ಹೇಳಬೇಕು.

ಹಳೆಯ ಆಯಾಗಳು ನಿಮ್ಮ ಮಾತನ್ನು ತಕ್ಷಣ ಕೇಳುವುದಿಲ್ಲ. ಅವರ ಸಂಬಳವನ್ನು ಮೊದಲು ಸರಿಪಡಿಸಿ, ನಿಯಮಗಳನ್ನು ಆಮೇಲೆ ತನ್ನಿ. ಪೋಷಕರು ಸಂಸ್ಥೆಯನ್ನು ಗುರುತಿಸುವುದು ಇವರಿಬ್ಬರ ಮುಖದಿಂದಲೇ: ಅತ್ತೆ ಮತ್ತು ಆಯಾ. ಹೀಗಾಗಿ ಬೆಳಿಗ್ಗೆ ಮಕ್ಕಳು ಬರುವ ಹೊತ್ತಿನಲ್ಲಾದರೂ ಅತ್ತೆಯವರು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂರಲಿ, ಶುಲ್ಕ ಮತ್ತು ದೂರುಗಳ ಮಾತು ಮಾತ್ರ ನಿಮ್ಮಲ್ಲಿಗೆ ಬರಲಿ.

ಹೆಬ್ಬಾಳವನ್ನು ಆರಿಸಿಕೊಂಡ ನಿಮ್ಮ ಲೆಕ್ಕಾಚಾರ ಸರಿಯಾಗಿಯೇ ಇದೆ. 2017ರಲ್ಲಿ ಹೆರಿಗೆ ಸೌಲಭ್ಯ ಕಾನೂನಿಗಾದ ತಿದ್ದುಪಡಿಯಿಂದ, 50 ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳು ಶಿಶುಪಾಲನಾ ಸೌಲಭ್ಯ ಕೊಡಬೇಕಾಯಿತು; ತಾಯಿ ದಿನಕ್ಕೆ ನಾಲ್ಕು ಬಾರಿ ಮಗುವನ್ನು ನೋಡಿ ಬರಬಹುದು. ಹಲವು ಸಂಸ್ಥೆಗಳು ಸೇರಿ ಒಂದೇ ಸೌಲಭ್ಯ ಬಳಸಲೂ ಅವಕಾಶವಿದೆ. ಕಟ್ಟಡ ಹಿಡಿಯುವ ಮುನ್ನವೇ ಎರಡು ಮೂರು ಕಾರ್ಖಾನೆಗಳ ಸಿಬ್ಬಂದಿ ವಿಭಾಗವನ್ನು ಕಂಡು, ಇಷ್ಟು ಮಕ್ಕಳ ಶುಲ್ಕ ಖಚಿತ ಎಂಬ ಲಿಖಿತ ಒಪ್ಪಂದ ಪಡೆಯಿರಿ. ಅದು ಸಿಗದಿದ್ದರೆ ಶಾಖೆ ಬೇಡ. ಮುದ್ರಾ ಸಾಲಕ್ಕೆ ಅಡಮಾನ ಬೇಕಿಲ್ಲ. ಆದರೂ ಬ್ಯಾಂಕಿನವರು ಆದಾಯದ ದಾಖಲೆ ಕೇಳುತ್ತಾರೆ, ನಿಮ್ಮ ಹೆಸರಿನಲ್ಲಿ ಸದ್ಯ ಅದಿಲ್ಲ. ಒಂದು ವರ್ಷ ಕಾಯಿರಿ ಎಂದದ್ದು ಇದಕ್ಕೂ ಹೌದು. ಸಿಬ್ಬಂದಿಯ ಸಂಖ್ಯೆ ಹತ್ತನ್ನು ಮುಟ್ಟಿದಾಗ ಇಎಸ್‌ಐ (ನೌಕರರ ರಾಜ್ಯ ವಿಮೆ), ಗ್ರಾಚ್ಯುಟಿಗಳ (ಕೆಲಸ ಬಿಡುವಾಗ ಕೊಡುವ ಸೇವಾ ಉಪದಾನ) ಹೊಣೆಯೂ ಬರುತ್ತದೆ. ಆ ವೆಚ್ಚವನ್ನೂ ಶಾಖೆಯ ಲೆಕ್ಕದಲ್ಲಿ ಹಿಡಿಯಿರಿ.

ಪ್ರಶ್ನೆ: ತಾಯಿ ಬಿಟ್ಟುಹೋದ ಪ್ಲೇಹೋಮನ್ನು ನಾನು ಮತ್ತು ತಂಗಿ ನಡೆಸುತ್ತಿದ್ದೇವೆ. ಹಳೆಯ ಹೆಸರನ್ನು ಬಿಟ್ಟು ದೊಡ್ಡ ಕಂಪನಿಯೊಂದರ ಫ್ರಾಂಚೈಸಿ ಪಡೆಯುವುದು ಒಳಿತೇ?
– ಓದುಗರು, ಹುಬ್ಬಳ್ಳಿ

ಉತ್ತರ: ಬಡಾವಣೆಯಲ್ಲಿ ತಾಯಿಯವರ ಹೆಸರು ಗೊತ್ತಿರುವವರು ಇರುವಷ್ಟು ದಿನ ಬೇಡ. ಫ್ರಾಂಚೈಸಿಯಲ್ಲಿ ಆರಂಭದ ಶುಲ್ಕದ ಜೊತೆಗೆ ಆದಾಯದ ಒಂದು ಪಾಲನ್ನೂ ಸಾಮಾನ್ಯವಾಗಿ ಕೊಡಬೇಕಾಗುತ್ತದೆ, ಒಪ್ಪಂದ ಮುಗಿದ ದಿನ ಫಲಕವೂ ಅವರದೇ. ಪಾಠಕ್ರಮವಷ್ಟೇ ಬೇಕಿದ್ದರೆ ಅದನ್ನು ಬೇರೆಯಾಗಿ ಕೊಳ್ಳಬಹುದು. ಅದಕ್ಕಿಂತ ಮೊದಲು ಈಗಿನ ಹೆಸರನ್ನು ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸಿ. ಶಿಕ್ಷಣ 41ನೆಯ ವರ್ಗದಲ್ಲಿ, ಶಿಶುಪಾಲನೆ 43ನೆಯ ವರ್ಗದಲ್ಲಿ ಬರುವುದರಿಂದ ಎರಡರಲ್ಲೂ ಅರ್ಜಿ ಹಾಕಬೇಕು. ಅರ್ಜಿಯಲ್ಲಿ ನಿಮ್ಮ ಹೆಸರಿನ ಜೊತೆಗೆ ತಂಗಿಯ ಹೆಸರೂ ಇರಲಿ.