ಜಿಪ್ಸಿ ಬಾಗಿಲಿನ ಪಟ್ಟಿ ಹರಿದರೆ ಬದಲಿಗೆ ಏನು ಹಾಕಬೇಕು?

ಕುಮಟಾದಲ್ಲಿರುವ ನಿಮ್ಮ ಹಳೇ ಮಾರುತಿ ಜಿಪ್ಸಿಯ ಬಾಗಿಲು ಅತಿಯಾಗಿ ತೆರೆಯದಂತೆ ತಡೆಯುವ ಬಟ್ಟೆಯ ಪಟ್ಟಿ ಹರಿದಿದೆ, ಗಾಳಿ ಬಂದರೆ ಬಾಗಿಲು ಹೋಗಿ ಮಡ್‌ಗಾರ್ಡಿಗೆ ಬಡಿಯುತ್ತಿದೆ, ಸರಪಳಿ ಹಾಕಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಸರಪಳಿ ಹಾಕಬೇಡಿ. ನಾನು ಸ್ಟೀಲ್ ವೈರ್ ಹಾಕಿಸಿ ಪೆಟ್ಟು ತಿಂದವನು, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ನಮ್ಮದು ಶಿರಸಿ ಹತ್ತಿರ ಅಡಿಕೆ ತೋಟ. ಗಾಡಿ 1298 ಸಿಸಿ ಜಿಪ್ಸಿ, ಮೇಲೆ ಕ್ಯಾನ್ವಾಸ್ ಹುಡ್. ಎಡಗಡೆ ಪಟ್ಟಿ ಹರಿದಾಗ ಗ್ಯಾರೇಜಿನವರು ವೈರ್ ಬಿಗಿದುಕೊಟ್ಟರು, ಇನ್ನು ಇದು ಹರಿಯೋದಿಲ್ಲ ಅಂದರು. ಒಂದು ಮೇ ತಿಂಗಳಲ್ಲಿ ದೇವಿಮನೆ ಘಟ್ಟ ಇಳಿದು ಕಾರವಾರಕ್ಕೆ ಹೋಗಿದ್ದೆವು. ಸಮುದ್ರದ ಬದಿಗೆ ನಿಲ್ಲಿಸಿ ಬಾಗಿಲು ತೆಗೆದದ್ದೇ ತಡ, ಗಾಳಿ ಅದನ್ನು ಕೈಯಿಂದ ಕಿತ್ತುಕೊಂಡಿತು. ಟಣ್ ಅಂತ ಸದ್ದು. ವೈರ್ ಗಟ್ಟಿಯಾಗಿಯೇ ಇತ್ತು. ಆದರೆ ಪಿಲ್ಲರಿನ, ಅಂದರೆ ಬಾಗಿಲು ಕೂರುವ ಕಂಬದ, ತಗಡು ಬೋಲ್ಟ್ ಸಮೇತ ಹರಿದು ಬಂದಿತ್ತು. ವೆಲ್ಡಿಂಗು, ಪೇಂಟು, ಮೂರು ದಿನ ಗಾಡಿ ಇಲ್ಲ.

ಆಮೇಲೆ ಟೇಪ್ ಹಿಡಿದು ಅಳೆದೆ. ಹಿಂಜಿನಿಂದ, ಅಂದರೆ ಬಾಗಿಲು ತಿರುಗುವ ಕೀಲಿನಿಂದ, ಬಾಗಿಲಿನ ಹೊರ ಅಂಚಿಗೆ 84 ಸೆಂ.ಮೀ. ಹಿಂಜಿನಿಂದ ಪಟ್ಟಿ ಕೂರುವ ಜಾಗಕ್ಕೆ 14 ಸೆಂ.ಮೀ. ಅಂದರೆ ಆರು ಪಟ್ಟು: ಅಂಚಿನಲ್ಲಿ 15 ಕೆಜಿ ತಳ್ಳಿದರೆ ಪಟ್ಟಿಯ ಮೇಲೆ 90 ಕೆಜಿ, ಪಟ್ಟಿ ಓರೆಯಾಗಿ ಎಳೆಯುವುದರಿಂದ ಅದಕ್ಕೂ ಜಾಸ್ತಿ ಬೀಳುತ್ತದೆ. ಅದೂ ಒಮ್ಮೆಗೇ, ಜಗ್ಗಿದ ಹಾಗೆ. ಬಟ್ಟೆಯ ಪಟ್ಟಿ ಸ್ವಲ್ಪ ಹಿಗ್ಗಿ ಆ ಪೆಟ್ಟು ತಗೊಳ್ಳುತ್ತದೆ. ವೈರು, ಸರಪಳಿ ಹಿಗ್ಗುವುದಿಲ್ಲ, ಪೆಟ್ಟು ಸೀದಾ ತಗಡಿಗೆ ಹೋಗುತ್ತದೆ. ಹರಿಯುವುದಾದರೆ ಪಟ್ಟಿಯೇ ಹರಿಯಲಿ, ಅಲ್ವಾ?

ನಿಮ್ಮ ಹರಿದ ಪಟ್ಟಿಯನ್ನು ಎಸೆಯಬೇಡಿ, ಬೆಳಕಿಗೆ ಹಿಡಿದು ನೋಡಿ. ನನ್ನದು ನಡುವೆ ಎಲ್ಲೂ ಸವೆದಿರಲಿಲ್ಲ. ಬೋಲ್ಟಿನ ತೂತಿನ ಹತ್ತಿರ ಮಾತ್ರ ಎಳೆಗಳು ತೆಂಗಿನ ನಾರಿನ ಹಾಗೆ ಬಿಚ್ಚಿಕೊಂಡಿದ್ದವು, ಅದರೊಳಗೆ ತುಕ್ಕಿನ ಕೆಂಪು ಪುಡಿ. ತುಕ್ಕು ಹಿಡಿದ ವಾಷರಿನ ಅಂಚು ಗರಗಸದ ಹಾಗೆ ಎಳೆ ಎಳೆಯಾಗಿ ಕೊಯ್ದಿತ್ತು. ಕೆಲಸ ಕೆಡುವುದು ತುದಿಯಲ್ಲೇ.

ಈಗ ನಾನು ಹಾಕಿರುವುದು ಹೊಸ ಸೀಟ್ ಬೆಲ್ಟ್ ಪಟ್ಟಿ. ಅದು ಪಾಲಿಯೆಸ್ಟರ್. ನೈಲಾನ್ ನೀರು ಹೀರಿ ಉದ್ದವಾಗುತ್ತದೆ, ನಮ್ಮ ಮಳೆಗೆ ಪಾಲಿಯೆಸ್ಟರೇ ಒಳ್ಳೆಯದು. ಗುಜರಿ ಗಾಡಿಯಿಂದ ಬಿಚ್ಚಿದ ಬೆಲ್ಟ್ ಬೇಡ, ಬಿಸಿಲು ತಿಂದಿರುತ್ತದೆ. ಎರಡೂ ತುದಿ ಮಡಚಿ, ಜೀಪಿನ ಹುಡ್ ಹೊಲಿಯುವವರ ಹತ್ತಿರ ಚೌಕ ಹಾಕಿಸಿ, ಒಳಗೆ ಅಡ್ಡಡ್ಡ ಗುಣಿಸು ಗುರುತಿನ ಹಾಗೆ ಹೊಲಿಸಿ. ದಾರವೂ ಪಾಲಿಯೆಸ್ಟರ್ ಇರಲಿ. ತೂತನ್ನು ಕತ್ತರಿಯಲ್ಲಿ ಮಾಡಬೇಡಿ. ಕಾಯಿಸಿದ ಮೊಳೆಯಿಂದ ಚುಚ್ಚಿದರೆ ಎಳೆಗಳು ಕರಗಿ ಅಂಟಿಕೊಳ್ಳುತ್ತವೆ. ಆಮೇಲೆ ಪಟ್ಟಿಯಷ್ಟೇ ಅಗಲದ ಸಣ್ಣ ಸ್ಟೀಲ್ ಪಟ್ಟಿಯನ್ನು ಮೇಲಿಟ್ಟು ಬೋಲ್ಟ್ ಬಿಗಿಯಿರಿ. ಅದರ ಅಂಚನ್ನು ಅರದಿಂದ ಉಜ್ಜಿ ನುಣ್ಣಗೆ ಮಾಡುವುದನ್ನು ಮರೆಯಬೇಡಿ. ಇದರಿಂದ ಎಳೆತ ತೂತಿನ ಸುತ್ತ ಮಾತ್ರ ಬೀಳದೆ ಇಡೀ ಅಗಲಕ್ಕೆ ಹಂಚಿಹೋಗುತ್ತದೆ. ನಿಮ್ಮದು ಕಡಲ ಬದಿ ಬೇರೆ, ಬೋಲ್ಟಿಗೆ ಗ್ರೀಸ್ ಹಚ್ಚಿಯೇ ಹಾಕಿ.

ಉದ್ದ ನೋಡುವಾಗ ಮಡ್‌ಗಾರ್ಡಿಗೂ ಬಾಗಿಲಿಗೂ ನಡುವೆ ಗೋಣಿಚೀಲ ಮಡಚಿಟ್ಟು ಬಾಗಿಲು ಪೂರ್ತಿ ತೆಗೆಯಿರಿ. ಆಗ ಬರುವ ಅಳತೆಗಿಂತ 2 ಸೆಂ.ಮೀ ಕಡಿಮೆ ಇಡಿ, ಹಿಗ್ಗುವುದಕ್ಕೆ ಜಾಗ ಬೇಕು. ಬಾಗಿಲು ಹಾಕಿದಾಗ ಪಟ್ಟಿ ಒಳಗಡೆಗೆ ಮಡಚಿಕೊಳ್ಳುತ್ತದಾ ನೋಡಿ. ಹೊರಗೆ ಬಂದು ರಬ್ಬರಿನ ನಡುವೆ ಸಿಕ್ಕಿಕೊಂಡರೆ ಮಳೆಗಾಲ ಪೂರ್ತಿ ಕಾಲ ಹತ್ತಿರ ನೀರು.

ಹೊರದೇಶದಲ್ಲಿ ಇದೇ ಜಾತಿಯ ಗಾಡಿ ಸುಜುಕಿ ಸಮುರಾಯ್ ಅಂತ ಓಡಿದ್ದು, ಅದಕ್ಕೆ ರೆಡಿ ಪಟ್ಟಿ ಮಾರುತ್ತಾರೆ. ತರಿಸುವುದಾದರೆ ತೂತಿನಿಂದ ತೂತಿಗೆ ಇರುವ ಅಂತರ ಕೇಳಿಕೊಂಡೇ ತರಿಸಿ.

ಒಂದು ವಿಷಯ ಗೊತ್ತಿರಲಿ. ಈ ಪಟ್ಟಿ ಬಾಗಿಲನ್ನು ತಡೆಯುತ್ತದೆ, ತೆರೆದಲ್ಲೇ ಹಿಡಿದು ನಿಲ್ಲಿಸುವುದಿಲ್ಲ. ಇಳಿಜಾರಿನಲ್ಲಿ ಮುಂಭಾಗ ಮೇಲೆ ಮಾಡಿ ನಿಲ್ಲಿಸಿದರೆ ಬಾಗಿಲು ತಾನಾಗಿ ವಾಪಸ್ ಬಂದು ಬೆರಳಿಗೆ ಬಡಿಯುತ್ತದೆ, ಮಕ್ಕಳು ಹತ್ತಿ ಇಳಿಯುವಾಗ ನೀವೇ ಹಿಡಿದುಕೊಳ್ಳಿ.

ಇಷ್ಟೆಲ್ಲ ಮಾಡುವ ಮೊದಲು ಬಾಗಿಲಿನ ಅಂಚು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ ನೋಡಿ. ಲೊಡಲೊಡ ಅಂದರೆ ಹಿಂಜಿನ ಪಿನ್ ಸವೆದಿದೆ. ಮೊದಲು ಅದನ್ನು ಬದಲಿಸಿ, ಪಟ್ಟಿಯ ಅಳತೆ ಆಮೇಲೆ ತೆಗೆಯಿರಿ.