ತಲೆ ಹೋದರೂ ಹೊರಬಾರದ ರಿವೆಟ್

ಪ್ರಶ್ನೆ: ನಮ್ಮಲ್ಲಿ 1968ರ ಮಹೀಂದ್ರ ಸಿಜೆ 3ಬಿ ಜೀಪ್ ಇದೆ. ಮಾವ ಅದರಲ್ಲಿ ಬೈತಖೋಲ್ ಬಂದರಿನಿಂದ ಮೀನಿನ ಪೆಟ್ಟಿಗೆ ಸಾಗಿಸುತ್ತಿದ್ದರು. ಈಗ ಬಿಚ್ಚಿ ಸರಿ ಮಾಡುತ್ತಿದ್ದೇನೆ. ಚಾಸಿಯ ಹಿಂದಿನ ಕ್ರಾಸ್ ಮೆಂಬರ್ (ಅಡ್ಡಪಟ್ಟಿ) ತುಕ್ಕು ತಿಂದಿದೆ. ಅದನ್ನು ಜೋಡಿಸಿರುವ ರಿವೆಟ್ ಮೊಳೆಗಳ ತಲೆಯನ್ನು ಗ್ರೈಂಡರ್‌ನಲ್ಲಿ ತೆಗೆದೆ. ಎಷ್ಟು ಬಡಿದರೂ ಉಳಿದ ದಂಡು (ತೂತಿನೊಳಗಿನ ಕಡ್ಡಿಯಂಥ ಭಾಗ) ಹೊರಗೆ ಬರುತ್ತಿಲ್ಲ. ಗ್ಯಾಸ್ ಕಟಿಂಗ್ ಮಾಡಿಸಲೇ?
– ಓದುಗರು, ಅಂಕೋಲಾ

ಉತ್ತರ: ಬೇಡ ಮಾರಾಯ್ರೆ. ಗ್ಯಾಸ್‌ನಲ್ಲಿ ರಿವೆಟ್ ತೆಗೆಯುವ ನುರಿತ ಕೈಗಳಿವೆ, ಆದರೆ ಅದು ದಪ್ಪ ಪ್ಲೇಟಿಗೆ ಸರಿ. ಜೀಪಿನ ಚಾಸಿಗೆ ಅಷ್ಟು ಬಿಸಿ ತಾಗಿದರೆ ಸೊಟ್ಟಗಾಗುತ್ತದೆ, ತೂತಿನ ಅಂಚು ಕರಗುತ್ತದೆ. ರಿವೆಟ್ ಹೇಗೂ ಗುಜರಿಗೆ ಹೋಗುವ ಸಾಮಾನು. ನೀವು ಕಾಪಾಡಬೇಕಾದ್ದು ಅದರ ತೂತನ್ನು.

ರಿವೆಟ್ ಹಾಕುವಾಗ ತಲೆ ಮಾತ್ರ ಅರಳುವುದಿಲ್ಲ. ದಂಡೂ ಉಬ್ಬಿ ತೂತನ್ನು ಪೂರ್ತಿ ತುಂಬುತ್ತದೆ. ಎರಡು ಪ್ಲೇಟಿನ ತೂತುಗಳು ಕೂದಲೆಳೆಯಷ್ಟು ಆಚೀಚೆ ಇದ್ದರೆ ದಂಡು ಒಳಗೇ ಮೆಟ್ಟಿಲಾಗಿ ಕೂತಿರುತ್ತದೆ. ಮೇಲಿಂದ ತುಕ್ಕು ಬೇರೆ. ಮಳೆಗಾಲದಲ್ಲಿ ಉಬ್ಬಿದ ಬಾಗಿಲಿನ ಹಾಗೆ. ನೀವು ಬಡಿದಷ್ಟೂ ತುದಿ ಇನ್ನಷ್ಟು ಅರಳಿ ಬಿಗಿಯಾಗುತ್ತದೆ. ಹಾಗಾಗಿ ಸುತ್ತಿಗೆ ಕೆಳಗಿಡಿ, ಡ್ರಿಲ್ ಎತ್ತಿಕೊಳ್ಳಿ.

ತಲೆಯನ್ನು ಪ್ಲೇಟಿನ ಸಮಕ್ಕೆ ಉಜ್ಜಿದ ಮೇಲೆ ಬ್ಯಾಟರಿ ಬೆಳಕನ್ನು ಓರೆಯಾಗಿ ಬಿಡಿ. ತೆಳ್ಳಗಿನ ಉಂಗುರದಂಥ ಗೆರೆ ಕಾಣುತ್ತದೆ. ಅದೇ ದಂಡಿನ ಅಂಚು. ತಲೆಯ ನಡುವನ್ನು ನಂಬಬೇಡಿ, ಎಷ್ಟೋ ರಿವೆಟ್‌ಗಳಲ್ಲಿ ತಲೆ ಒಂದು ಕಡೆಗೆ ವಾಲಿರುತ್ತದೆ. ಈ ಗೆರೆಯ ನಡುವಿಗೆ ಚೂಪು ತುದಿಯ ಸೆಂಟರ್ ಪಂಚ್ ಇಟ್ಟು ಗುರುತು ಹೊಡೆಯಿರಿ. ಮೊದಲು 3 ಎಂ.ಎಂ. ಬಿಟ್, ಆಮೇಲೆ 5, ಆಮೇಲೆ ಇನ್ನೂ ದೊಡ್ಡದು. ದಂಡು 10 ಇದ್ದರೆ 8ಕ್ಕೆ ನಿಲ್ಲಿಸಿ. ನಿಧಾನ ವೇಗ, ಆಗಾಗ ಎರಡು ಹನಿ ಆಯಿಲ್. ಒಳಗೆ ಟೊಳ್ಳಾದ ದಂಡಿಗೆ ತೂತನ್ನು ಒತ್ತಿ ಹಿಡಿಯುವ ಶಕ್ತಿ ಇರುವುದಿಲ್ಲ. ಈಗ ಹಿಂದುಗಡೆ, ದಂಡು ಹೊರಬರಲು ಜಾಗ ಬಿಟ್ಟು, ಭಾರದ ಕಬ್ಬಿಣದ ಗಟ್ಟಿ ಒತ್ತಿ ಹಿಡಿಯಲು ಒಬ್ಬರನ್ನು ನಿಲ್ಲಿಸಿ. ನೀವು ಈ ಕಡೆಯಿಂದ ಪಂಚ್ ಇಟ್ಟು ಒಂದು ಗಟ್ಟಿ ಏಟು ಕೊಡಿ. ಸಣ್ಣ ಸಣ್ಣ ಏಟು ಹತ್ತು ಕೊಟ್ಟರೂ ಪ್ರಯೋಜನ ಇಲ್ಲ.

ನಿಮ್ಮ ಜೀಪಿಗೆ ಇನ್ನೊಂದು ಮಾತು ಹೇಳಬೇಕು. ಮೀನಿನ ಪೆಟ್ಟಿಗೆಯಿಂದ ಸೋರಿದ ಐಸ್ ನೀರು ಉಪ್ಪುನೀರು. ಅದು ಎರಡು ಪ್ಲೇಟಿನ ಸಂದಿಯಲ್ಲಿ ಕೂತಿರುತ್ತದೆ. ಕಬ್ಬಿಣಕ್ಕಿಂತ ತುಕ್ಕಿಗೆ ಹಲವು ಪಟ್ಟು ಜಾಗ ಬೇಕು, ಹಾಗಾಗಿ ಅದು ಪ್ಲೇಟ್‌ಗಳನ್ನು ದೂಡಿ ರಿವೆಟನ್ನೇ ಎಳೆಯುತ್ತದೆ. ಸಂದಿ ಬಿಚ್ಚಿದ ಮೇಲೆ ಮೊದಲು ಬಾವಿ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ, ಒಣಗಿಸಿ, ಆಮೇಲೆ ವೈರ್ ಬ್ರಷ್, ಆಮೇಲೆ ಜಿಂಕ್ ಪ್ರೈಮರ್. ಉಪ್ಪಿನ ಮೇಲೆ ಬಳಿದ ಪ್ರೈಮರ್ ಗುಳ್ಳೆ ಏಳುತ್ತದೆ. ನಮ್ಮ ಕರಾವಳಿಯಲ್ಲಿ ಈ ಕೆಲಸಕ್ಕೆ ಡಿಸೆಂಬರ್‌ನಿಂದ ಮಾರ್ಚ್ ಒಳ್ಳೆಯದು. ಜೂನ್‌ನಲ್ಲಿ ಶುರು ಮಾಡುವವರಿಗೆ ನನ್ನ ನಮಸ್ಕಾರ.

ಎಲ್ಲ ರಿವೆಟನ್ನೂ ಒಟ್ಟಿಗೆ ತೆಗೆಯಬೇಡಿ. ಚಾಸಿಯ ಮೂಲೆಯಿಂದ ಮೂಲೆಗೆ ಟೇಪ್ ಹಿಡಿದು ಎರಡೂ ಅಳತೆ ಬರೆದಿಡಿ. ಒಂದು ತೆಗೆದರೆ ಅಲ್ಲಿಗೆ ಬೋಲ್ಟ್ ಹಾಕಿ, ಆಮೇಲೆ ಮುಂದಿನದು. ಗಟ್ಟಿ ಇರುವ ರಿವೆಟನ್ನು ಸುಮ್ನೆ ಮುಟ್ಟಲೂ ಬೇಡಿ. ಒಂದು ಕಡೆ ಬೆರಳಿಟ್ಟು ಇನ್ನೊಂದು ಕಡೆ ಮೆಲ್ಲ ತಟ್ಟಿದರೆ ಸಡಿಲ ಇದ್ದದ್ದು ಬೆರಳಿಗೆ ತಿಳಿಯುತ್ತದೆ. ತಲೆಯ ಸುತ್ತ ಕಂದು ಗೆರೆ ಇಳಿದಿದ್ದರೂ ಅನುಮಾನ ಪಡಿ.

ಮತ್ತೆ ಜೋಡಿಸಲು ಕಾಯಿಸಿದ ರಿವೆಟ್ ಹೊಡೆಯುವವರು ಸಿಕ್ಕರೆ ಬಿಡಬೇಡಿ. ಅದು ತಣಿಯುವಾಗ ಕುಗ್ಗಿ ಪ್ಲೇಟ್‌ಗಳನ್ನು ಹತ್ತಿರ ಎಳೆಯುತ್ತದೆ. ಸಿಗದಿದ್ದರೆ ತೂತನ್ನು ರೀಮರ್‌ನಲ್ಲಿ (ತೂತಿನ ಒಳಮೈ ಹೆರೆದು ನಯ ಮಾಡುವ ಉಪಕರಣ) ಸರಿ ಮಾಡಿ, ತಲೆಯ ಮೇಲೆ 8.8 ಎಂಬ ಬಲದ ದರ್ಜೆ ಇರುವ ಬೋಲ್ಟ್ ಬಿಗಿಯಾಗಿ ಕೂರಿಸಿ. ಬೋಲ್ಟಿನ ಥ್ರೆಡ್ ಇಲ್ಲದ ನಯ ಭಾಗ ಪ್ಲೇಟಿನೊಳಗೆ ಬರಬೇಕು.

ಗ್ರೈಂಡರ್ ಕಿಡಿ ಹಾರುವ ಮೊದಲು ಡ್ರೈವರ್ ಸೀಟಿನ ಕೆಳಗಿನ ಪೆಟ್ರೋಲ್ ಟ್ಯಾಂಕ್ ಇಳಿಸಿ ದೂರ ಇಟ್ಟಿದ್ದೀರಿ ತಾನೆ?

ಪ್ರಶ್ನೆ: ಹಳೆಯ ಜೀಪಿನ ಬ್ರೇಕ್ ಶೂ ಲೈನಿಂಗ್ ರಿವೆಟ್‌ಗಳನ್ನು ಮನೆಯಲ್ಲೇ ತೆಗೆಯಬಹುದೇ?
– ಓದುಗರು, ಶಿರಸಿ

ಉತ್ತರ: ತೆಗೆಯಬಹುದು. ಅವು ಮೆತ್ತಗಿನ ಲೋಹದವು, ಡ್ರಿಲ್‌ಗೆ ಬೇಗ ಬರುತ್ತವೆ. ಹೆದರಬೇಕಾದ್ದು ಧೂಳಿಗೆ. ಹಳೆಯ ಲೈನಿಂಗ್‌ನಲ್ಲಿ ಶ್ವಾಸಕೋಶಕ್ಕೆ ಹಾನಿ ಮಾಡುವ ಆಸ್ಬೆಸ್ಟಾಸ್ ಇರಬಹುದು. ಗಾಳಿ ಹೊಡೆಯಬೇಡಿ, ಒದ್ದೆ ಮಾಡಿಕೊಂಡು ಕೆಲಸ ಮಾಡಿ, ಒಳ್ಳೆಯ ಮಾಸ್ಕ್ ಹಾಕಿ. ಹೊಸ ಲೈನಿಂಗ್‌ಗೆ ರಿವೆಟ್ ಹೊಡೆಯುವಾಗ ನಡುವಿನಿಂದ ಶುರು ಮಾಡಿ ತುದಿಗೆ ಹೋಗಿ. ಇಲ್ಲದಿದ್ದರೆ ನಡುವೆ ಉಬ್ಬು ಉಳಿಯುತ್ತದೆ.

ಪ್ರಶ್ನೆ: ಪೇಂಟ್ ಹೊಡೆಯಲು ಚಾಸಿ ನಂಬರ್ ಪ್ಲೇಟಿನ ರಿವೆಟ್ ತೆಗೆಯಬೇಕೇ?
– ಓದುಗರು, ಕಾರವಾರ

ಉತ್ತರ: ಖಂಡಿತ ಬೇಡ. ಟೇಪ್ ಅಂಟಿಸಿ ಸುತ್ತ ಪೇಂಟ್ ಮಾಡಿ. 2021ರ ನಿಯಮದಂತೆ 50 ವರ್ಷ ದಾಟಿದ ಗಾಡಿಗೆ ‘ವಿಎ’ ಸರಣಿಯ ವಿಂಟೇಜ್ ನೋಂದಣಿ ಸಿಗುತ್ತದೆ. ಆದರೆ ಚಾಸಿ, ಬಾಡಿ, ಇಂಜಿನ್ ಮೂಲ ರೂಪದಲ್ಲೇ ಇರಬೇಕು. ಹೊಸ ರಿವೆಟ್ ಹೊಳೆಯುವ ಚಾಸಿ ನಂಬರ್ ಪ್ಲೇಟ್ ಕಂಡರೆ ಆರ್‌ಟಿಒ ಇನ್‌ಸ್ಪೆಕ್ಟರ್ ಪ್ರಶ್ನೆ ಕೇಳದೆ ಇರುತ್ತಾರಾ?